ಈ ಕಡೆಯಿಂದ ಆರನೆಯದು

ನಾಲ್ಕು ಎಂಬ ಅಂಕಿಯ ಬುಡದಿಂದ ಕೆಂಪು ಬಣ್ಣದ ಒಂದು ಹನಿ ಇಳಿದು, ಕಲ್ಲಿನ ನಡುವಿಗೆ ಬಂದು, ಅಲ್ಲೇ ಒಣಗಿ ನಿಂತಿದೆ. ಬರೆದವನು ಬ್ರಷ್ಷನ್ನು ಸ್ವಲ್ಪ ಹೆಚ್ಚೇ ಅದ್ದಿರಬೇಕು. ಅದರ ಹಿಂದಿನ ಎರಡು ಎಂಬ ಅಂಕಿ ಮಾತ್ರ ನೀಟಾಗಿದೆ.

ಹೋದ ವಾರ ಆ ಕಲ್ಲಿನ ಮುಂದೆ ನಿಂತು ಫೋನಿನಲ್ಲಿ ಅದರ ಚಿತ್ರ ತೆಗೆದೆ. ಸೈಟನ್ನು ಅವ್ವನ ಹೆಸರಿನಿಂದ ಅಪ್ಪನ ಹೆಸರಿಗೆ ಮಾಡಿಸುವ ಅರ್ಜಿಯ ಜೊತೆ ಜಾಗದ ಫೋಟೋ ಇರಬೇಕು. ಹುಣಸೂರಿನಿಂದ ಕೆ.ಆರ್. ನಗರದ ಕಡೆಗೆ ಹೋಗುವಾಗ ಊರು ಮುಗಿದು ಹೊಲಗಳು ಶುರುವಾಗುವಲ್ಲಿ ಸರ್ಕಾರದ ಈ ಬಡಾವಣೆ ಇದೆ. ಈಗ ಏಳೆಂಟು ಮನೆಗಳು ಎದ್ದಿವೆ. ಒಂದರ ತಾರಸಿಯ ಮೇಲೆ ಬಟ್ಟೆ ಒಣಗುತ್ತಿತ್ತು. ರಸ್ತೆಯಾಚೆಯ ಬ್ಯಾರನ್ನಿನಲ್ಲಿ, ಎಲೆ ಹದ ಮಾಡುವ ಎತ್ತರದ ಗೂಡಿನಲ್ಲಿ, ಯಾರದೋ ತಂಬಾಕು ಬೇಯುತ್ತಿತ್ತು. ಬೆಲ್ಲದ ಪಾಕ ತಳ ಹಿಡಿದಂತಹ, ಹುಲ್ಲು ಬಿಸಿಯಾದಂತಹ ವಾಸನೆ. ಹುಣಸೂರು, ಪಿರಿಯಾಪಟ್ಟಣದ ಕಡೆಯವರಿಗೆ ಅದು ಪ್ರತಿ ವರ್ಷದ ವಾಸನೆ. ನನಗೆ ಮಾತ್ರ ಅದು ಒಂದೇ ವರ್ಷದ್ದು.

ಆ ವರ್ಷಕ್ಕೆ ಹಿಂದಿನ ಒಂದು ದಿನದಿಂದ ಹೇಳಬೇಕು. ನಾವು ಹುಣಸೂರಿನಲ್ಲಿ ಮೂರು ಬಾಡಿಗೆ ಮನೆಗಳಿರುವ ಒಂದು ವಠಾರದಲ್ಲಿದ್ದೆವು. ಈಗಲೂ ಅಲ್ಲೇ ಇದ್ದೇವೆ. ಪಕ್ಕದ ಮನೆಯ ಅಜ್ಜಿ ಆಸ್ಪತ್ರೆಯಲ್ಲಿ ತೀರಿಕೊಂಡಾಗ, ದೇಹವನ್ನು ಒಳಗೆ ತರುವುದು ಬೇಡವೆಂದು ಮಾಲೀಕರು ಕೈಮುಗಿದು ಕೇಳಿಕೊಂಡರು. ಅವರು ಕೆಟ್ಟವರಲ್ಲ. ಬಾಡಿಗೆಗೆ ಕೊಟ್ಟ ಮನೆಯಲ್ಲಿ ಸಾವಿನ ಕೆಲಸ ನಡೆದರೆ ಆಮೇಲೆ ಅಲ್ಲಿಗೆ ಯಾರೂ ಬರುವುದಿಲ್ಲ. ಇಡೀ ಊರಿಗೆ ಗೊತ್ತಿರುವ ಮಾತು ಇದು. ಅಜ್ಜಿಯನ್ನು ಬೀದಿಯಲ್ಲಿ, ಚರಂಡಿಯ ಪಕ್ಕ, ಶಾಮಿಯಾನದ ಕೆಳಗೆ ಮಲಗಿಸಿದರು. ಸ್ಕೂಟರಿನವನೊಬ್ಬ ದಾರಿ ಬಿಡಿ ಎಂದು ಹಾರ್ನ್ ಹೊಡೆದ. ಅವ್ವ ಮನೆಗೆ ಬಂದು ಸ್ನಾನ ಮಾಡಿ, ಒದ್ದೆ ಕೂದಲಿನಲ್ಲೇ ಅಪ್ಪನ ಮುಂದೆ ನಿಂತಳು.

“ಇಷ್ಟ್ ವರ್ಸದಲ್ಲಿ ಮನೆ ಕಟ್ಟುಸ್ಕೊಡಿ ಅಂತ ಒಂದಿನ ಕೇಳಿದ್ನಾ? ಈಗ್ಲೂ ಕೇಳಕಿಲ್ಲ. ನಂದು ಅನ್ನೋ ಜಾಗ ಒಂದ್ ಇರ್ಲಿ. ಸತ್ರೆ ಒಂದ್ಗಳಿಗೆ ಅಲ್ಲಿ ಮಲಗ್ಸಿ, ಆಮ್ಯಾಕೆ ಎತ್ಕಂಡೋಗಿ.”

“ಸಾಯೋ ಮಾತ್ಯಾಕೆ ಆಡೀಯೆ ದೀಪ ಅಚ್ಚೋ ಒತ್ನಲ್ಲಿ,” ಅಂದ ಅಪ್ಪ.

ಮಿರ್ಲೆಯಲ್ಲಿ ಅಪ್ಪನ ಮನೆತನದ ಮನೆ ಇದೆ. ಪಾಲಿನಲ್ಲಿ ಮನೆ ದೊಡ್ಡಪ್ಪನಿಗೆ ಹೋಯಿತು, ನಮಗೆ ಎರಡು ಎಕರೆ ಹೊಲ ಬಂತು. ಅವ್ವ ಆ ಮನೆಯ ಹೊಸ್ತಿಲು ದಾಟಿ ಹೊರಬಂದ ದಿನ ಏನೋ ಮಾತಾಗಿತ್ತು. ಏನೆಂದು ಅವಳು ನನಗೂ ಹೇಳಲಿಲ್ಲ. ಅಪ್ಪ ಮಂಡಿ ನೋವು ಬರುವವರೆಗೂ ತನ್ನ ಹೊಲವನ್ನೂ ಕೂಲಿಗೆ ಬೇರೆಯವರ ಹೊಲವನ್ನೂ ಉತ್ತವನು. ಆಮೇಲೆ ಎತ್ತು ಮಾರಿ, ಹೊಲವನ್ನು ಅರ್ಧ ಬೆಳೆಯ ವಾರಕ್ಕೆ ಕೊಟ್ಟು, ಹುಣಸೂರಿನ ಗೊಬ್ಬರದಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿದ. ನಾನು ಮೈಸೂರಿನಲ್ಲಿ ಭೂಗೋಳದಲ್ಲಿ ಎಂ.ಎಸ್ಸಿ. ಮುಗಿಸಿ, ಊರಿನ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದೆ. ಸರ್ಕಾರದ ಯೋಜನೆಯಲ್ಲಿ ಕಡಿಮೆ ಬೆಲೆಗೆ ಸೈಟು ಕೊಡುತ್ತಾರೆಂಬ ಸುದ್ದಿ ತಂದವಳೂ ನಾನೇ, ಅರ್ಜಿ ತುಂಬಿದವಳೂ ನಾನೇ. ಹೆಂಗಸರ ಹೆಸರಿನಲ್ಲಿ ಹಾಕಿದರೆ ಒಳ್ಳೆಯದು ಎಂದಿದ್ದರು. ಅವ್ವನ ಹೆಸರಿನಲ್ಲಿ ಹಾಕಿದೆ.

ಬೇಸಿಗೆಯಲ್ಲಿ ಲಾಟರಿ ಎತ್ತಿದರು. ಸಭಾಂಗಣದ ಪರದೆಯ ಮೇಲೆ ಹೆಸರು ಮೂಡುತ್ತಿತ್ತು, ಮೈಕಿನಲ್ಲಿ ಒಬ್ಬರು ಓದುತ್ತಿದ್ದರು. ಅವ್ವನ ಹೆಸರು ಓದಿದಾಗ ಅವಳು ಏಳಲಿಲ್ಲ. ಇಂಥವರ ಹೆಂಡತಿ, ಇಂಥವಳ ತಾಯಿ ಎಂದಲ್ಲದೆ, ಬರೀ ಅವಳ ಹೆಸರನ್ನು ಅಷ್ಟು ಜೋರಾಗಿ ಯಾರೂ ಕೂಗಿರಲಿಲ್ಲ. ನಾನು ಮೊಣಕೈಯಿಂದ ತಿವಿದ ಮೇಲೆ ಎದ್ದು, ಯಾರಿಗೆಂದು ಗೊತ್ತಾಗದೆ ಎಲ್ಲ ದಿಕ್ಕಿಗೂ ಕೈಮುಗಿದಳು. ಇಪ್ಪತ್ನಾಲ್ಕನೇ ನಂಬರು.

ಅದೇ ತಿಂಗಳು, ಬಹಳ ದಿನದಿಂದ ಕಾಡುತ್ತಿದ್ದ ಅವಳ ಹೊಟ್ಟೆನೋವಿಗೆ ಮೈಸೂರಿನಲ್ಲಿ ಹೆಸರು ಸಿಕ್ಕಿತು. ವರದಿ ಇಂಗ್ಲಿಷಿನಲ್ಲಿತ್ತು. ಹುಣಸೂರಿಗೆ ವಾಪಸು ಬರುವ ಬಸ್ಸಿನಲ್ಲಿ ಅವ್ವ ಕಿಟಕಿಯ ಕಡೆ ನೋಡುತ್ತಲೇ ಕೇಳಿದಳು.

“ಏನ್ ಬರ್ದವ್ರೆ? ಸುಳ್ಳೇಳ್ಬ್ಯಾಡ ಕಣವ್ವ. ನಿಮ್ಮಪ್ಪ ಸುಳ್ಳೇಳ್ತಾರೆ, ಅವ್ರ್ ಏಳ್ಲಿ. ನೀನ್ ಏಳ್ಬ್ಯಾಡ.”

ನಾನು ಓದಿದ್ದನ್ನು ಓದಿದಂತೆಯೇ ಹೇಳಿದೆ. ಅವಳು ತಲೆಯಾಡಿಸಿದಳು. ಅಂದಿನಿಂದ ನಮ್ಮಿಬ್ಬರ ನಡುವೆ ಅದೊಂದು ಒಪ್ಪಂದವಾಯಿತು. ಅವಳು ಕೇಳಿದರೆ ನಾನು ಇದ್ದದ್ದನ್ನು ಹೇಳಬೇಕು.

ಆಷಾಢದ ಗಾಳಿ ಮಳೆಯಲ್ಲಿ ಮೊದಲ ಸಲ ಸೈಟು ನೋಡಲು ಹೋದೆವು. ಆಗಿನ್ನೂ ನಂಬರು ಬರೆದಿರಲಿಲ್ಲ. ಮೂಲೆಗೊಂದೊಂದು ಬೋಳು ಕಲ್ಲು ನೆಟ್ಟಿದ್ದರು. ಮೂಡಲಲ್ಲಿ ರಸ್ತೆ, ಪಡುವಲಲ್ಲಿ ಕೆರೆಯ ಏರಿ. ನಡುವೆ ಸಾಲು ಸಾಲಾಗಿ ಸೈಟುಗಳು, ಸಾಲಿಗೆ ಹದಿನೆಂಟು. ನಕ್ಷೆ ನನ್ನ ಕೈಯಲ್ಲೇ ಇತ್ತು. ನೆನೆದೀತೆಂದು ಫೈಲಿನೊಳಗೆ ಇಟ್ಟು, ಅವ್ವನಿಗೆ ಕೊಡೆ ಹಿಡಿದಿದ್ದೆ. ಅಪ್ಪ ರಸ್ತೆಯ ಕಡೆಯಿಂದ ಎಣಿಸುತ್ತ ಹೊರಟ. ಮೊದಲ ಸಾಲಿನಲ್ಲಿ ಒಂದು, ಎರಡು ಎಂದು ಕೆರೆಯವರೆಗೂ ಹೋದ. ಹದಿನೆಂಟಕ್ಕೆ ಸಾಲು ಮುಗಿಯಿತು. ಅಲ್ಲಿಂದ ತಿರುಗಿ, ಎರಡನೇ ಸಾಲು ಹಿಡಿದು, ಹತ್ತೊಂಬತ್ತು, ಇಪ್ಪತ್ತು ಎನ್ನುತ್ತ ರಸ್ತೆಯ ಕಡೆಗೆ ವಾಪಸು ಬಂದ. ನೇಗಿಲು ಹಿಡಿದವನು ಸಾಲಿನ ಕೊನೆಗೆ ಬಂದರೆ ಅಲ್ಲಿಂದಲೇ ತಿರುಗಿಕೊಳ್ಳುತ್ತಾನೆ. ಬರಿಗೈಯಲ್ಲಿ ಮತ್ತೆ ಮೊದಲಿನ ತುದಿಗೆ ನಡೆದು ಬಂದು ಶುರು ಮಾಡುವವರು ಯಾರಿದ್ದಾರೆ?

“ಎತ್ತೇ ಇಲ್ದೆ ಉಳ್ತಾವ್ರೆ ನೋಡು ನಿಮ್ಮಪ್ಪ,” ಎಂದು ಅವ್ವ ನಕ್ಕಳು.

“ಇಪ್ಪತ್ನಾಕು! ಬರ್ರವ್ವ, ಇದೇ!” ಅಪ್ಪ ದೂರದಿಂದ ಕೂಗಿದ. ಕೆರೆಯ ಕಡೆಯಿಂದ ಆರನೆಯದು. ಒಳ್ಳೆಯ ಕೆಮ್ಮಣ್ಣು, ಹತ್ತಿರದಲ್ಲೇ ಒಂದು ಹೊಂಗೆ ಮರ.

ಬಡಾವಣೆಯ ಪ್ಲಾನುಗಳಲ್ಲಿ ಪ್ರತಿ ಸಾಲೂ ರಸ್ತೆಯ ಕಡೆಯಿಂದಲೇ ಹೊಸದಾಗಿ ಶುರುವಾಗಬಹುದು ಎಂದು ನನಗೆ ಗೊತ್ತಿರಬೇಕಿತ್ತು. ನಕ್ಷೆ ಓದುವುದನ್ನು ಮಕ್ಕಳಿಗೆ ಕಲಿಸುವವಳು ನಾನು. ಫೈಲಿನ ಗುಂಡಿ ಬಿಚ್ಚಿ ಒಮ್ಮೆ ನೋಡಿದ್ದರೆ ಆಗುತ್ತಿತ್ತು. ನೋಡಲಿಲ್ಲ. ಅಪ್ಪನ ಎಣಿಕೆ ತಪ್ಪುವುದನ್ನು ನಾನು ಕಂಡಿರಲಿಲ್ಲ. ಅವ್ವ ನಗುವುದನ್ನು ಕಂಡೂ ಬಹಳ ದಿನವಾಗಿತ್ತು.

ನೆಲವನ್ನು ಬರಿದಾಗಿ ಬಿಡುವುದು ಅಪ್ಪನಿಂದ ಆಗದ ಕೆಲಸ. ಮುಂದಿನ ವಾರವೇ ಅಗೆದು ಅವರೆ ಹಾಕಿದ. ದನ ನುಗ್ಗದಂತೆ ಸುತ್ತಲೂ ಮುಳ್ಳು ಕಟ್ಟಿದ. ಮೈಸೂರಿನ ಆಸ್ಪತ್ರೆಗೆ ಹೋಗಿಬಂದ ಎರಡು ಮೂರು ದಿನ ಅವ್ವ ಏಳುತ್ತಿರಲಿಲ್ಲ. ಎದ್ದ ದಿನ ಸಂಜೆ ಅಪ್ಪ ಅವಳನ್ನು ಗಾಡಿಯ ಹಿಂದೆ ಕೂರಿಸಿಕೊಂಡು ಅಲ್ಲಿಗೆ ಕರೆದೊಯ್ಯುತ್ತಿದ್ದ. ಅವರೆಯ ಪಾತಿಯ ಮುಂದೆ ಒಂದಿಷ್ಟು ಜಾಗ ಬಿಡಿಸಿಕೊಂಡು ಅವ್ವ ರಂಗೋಲಿ ಪುಡಿಯಲ್ಲಿ ಮನೆಯ ಗೆರೆ ಎಳೆಯುತ್ತಿದ್ದಳು. ಮಳೆ ಬಂದರೆ ಅಳಿಸಿಹೋಗುತ್ತಿತ್ತು. ಮುಂದಿನ ಸಲ ಮತ್ತೆ ಎಳೆಯುತ್ತಿದ್ದಳು, ಪ್ರತಿ ಸಲವೂ ಒಂದಾದರೂ ಗೋಡೆ ಜರುಗುತ್ತಿತ್ತು.

“ಬಚ್ಲು ಎಲ್ಲಿ ಬತ್ತದೆ?” ಎಂದು ಅಪ್ಪ ಕೇಳುತ್ತಿದ್ದ.

“ನೀವ್ ನಿಂತಿದ್ದೀರಲ್ಲ, ಅದೇ.”

ಅಪ್ಪ ಚಂಗನೆ ಪಕ್ಕಕ್ಕೆ ಹಾರುತ್ತಿದ್ದ. “ಥೂ, ಮೊದ್ಲೇ ಏಳಬಾರ್ದಾ!”

“ಅಯ್ಯೋ, ಅಲ್ ನಿಂತ್ಕಬ್ಯಾಡಿ, ಒಲೆ ಮ್ಯಾಗೆ ಕಾಲಿಟ್ರಿ.”

ನಾನು ಹೊಂಗೆ ಮರದ ಕೆಳಗೆ ಕುಳಿತು ಉತ್ತರಪತ್ರಿಕೆ ತಿದ್ದುತ್ತಿದ್ದೆ. ಶ್ರಾವಣದಿಂದ ಆಚೆ ಸುತ್ತಲಿನ ಬ್ಯಾರನ್ನುಗಳಲ್ಲೆಲ್ಲ ಎಲೆ ಬೇಯಿಸುವ ಒಲೆ ಹೊತ್ತಿತು. ಗಾಳಿ ತಿರುಗಿದರೆ ತಂಬಾಕಿನ ವಾಸನೆ ಬಡಾವಣೆಯ ಮೇಲೆಲ್ಲ ಹರಡುತ್ತಿತ್ತು. ಔಷಧಿಯ ದೆಸೆಯಿಂದ ಅವ್ವನಿಗೆ ಯಾವ ವಾಸನೆಯೂ ಸೇರುತ್ತಿರಲಿಲ್ಲ, ಸಾರಿನ ಒಗ್ಗರಣೆಗೂ ಎದ್ದು ಹೊರಗೆ ಹೋಗುವಳು. ಅದೊಂದು ವಾಸನೆ ಮಾತ್ರ ಸೇರುತ್ತಿತ್ತು. ಪಿರಿಯಾಪಟ್ಟಣದ ಹತ್ತಿರದ ತವರಿನಲ್ಲಿ, ಹುಡುಗಿಯಾಗಿದ್ದಾಗ, ತಂಬಾಕಿನ ಎಲೆಯನ್ನು ಬೇಯಿಸಲು ಕಡ್ಡಿಗೆ ಕಟ್ಟುತ್ತಿದ್ದಳಂತೆ. ಆ ನಾಲ್ಕು ತಿಂಗಳು ಅವಳು ತೂಕ ಕಳೆದುಕೊಳ್ಳುತ್ತಲೇ ಹೋದಳು. ಆದರೂ ಆ ವರ್ಷದಲ್ಲಿ ಸುಖದ ದಿನಗಳೆಂದು ನಾನು ಎತ್ತಿ ತೋರಿಸುವುದಾದರೆ ಅವೇ.

ಕಾರ್ತಿಕದಲ್ಲಿ ಒಂದು ಮಧ್ಯಾಹ್ನ ಕೆ.ಆರ್. ನಗರದಲ್ಲಿ ಪರೀಕ್ಷಾ ಕೆಲಸ ಮುಗಿಸಿ ಬರುವಾಗ ಬಡಾವಣೆಯ ಹತ್ತಿರ ಬಸ್ಸಿಳಿದೆ. ಕಲ್ಲುಗಳಿಗೆ ಹೊಸದಾಗಿ ಬಿಳಿ ಬಳಿದು, ಕೆಂಪಿನಲ್ಲಿ ನಂಬರು ಬರೆದಿದ್ದರು. ನಮ್ಮ ಅವರೆಯ ಮುಂದಿನ ಕಲ್ಲಿನ ಮೇಲೆ ಮೂವತ್ತೊಂದು ಎಂದಿತ್ತು. ಅದರ ಪಕ್ಕದಲ್ಲಿ ದಪ್ಪಗಿನ ಹೆಂಗಸೊಬ್ಬರು ಸೊಂಟದ ಮೇಲೆ ಕೈಯಿಟ್ಟು ಮುಳ್ಳುಬೇಲಿಯನ್ನು ನೋಡುತ್ತ ನಿಂತಿದ್ದರು.

“ಯಾರವ್ವ ಇದು? ನಮ್ ಸೈಟ್ಗೆ ಬೇಲಿ ಕಟ್ಟಿ ನಮ್ಮುನ್ನೇ ಆಚೆ ನಿಲ್ಸವ್ರಲ್ಲಾ!” ಅಂದರು. ಸಿಟ್ಟಿಗಿಂತ ಹೆಚ್ಚಾಗಿ ತಮಾಷೆಯೇ ಅವರ ದನಿಯಲ್ಲಿತ್ತು.

ನಾನು ಫೈಲು ಬಿಚ್ಚಿದೆ. ನಾಲ್ಕು ತಿಂಗಳ ಮೇಲೆ. ಎರಡನೇ ಸಾಲು ರಸ್ತೆಯ ಕಡೆಯಿಂದ ಹತ್ತೊಂಬತ್ತು ಎಂದು ಶುರುವಾಗಿತ್ತು. ಇಪ್ಪತ್ನಾಲ್ಕು ರಸ್ತೆಯಿಂದ ಆರನೆಯದು. ನಾವು ಉತ್ತು ಬಿತ್ತಿದ್ದು ಕೆರೆಯಿಂದ ಆರನೆಯದು. ಅವರಿಗೆ ಎಲ್ಲವನ್ನೂ ಹೇಳಿದೆ, ಅವ್ವನ ಕಾಯಿಲೆಯನ್ನೂ. ಹೊಸಬರಿಗೆ ಅಷ್ಟೆಲ್ಲ ಹೇಳುವ ಸ್ವಭಾವ ನನ್ನದಲ್ಲ. ಅವರ ಹೆಸರು ಸುಂದ್ರಮ್ಮ. ಸರಗೂರಿನ ಬಸ್ ನಿಲ್ದಾಣದ ಹತ್ತಿರ ಟೈಲರ್ ಅಂಗಡಿ ಇಟ್ಟುಕೊಂಡವರು. ಮಗಳನ್ನು ಹುಣಸೂರಿಗೆ ಕೊಟ್ಟಿದ್ದರಿಂದ ಇಲ್ಲಿ ಅರ್ಜಿ ಹಾಕಿದ್ದರಂತೆ. ಕೇಳುತ್ತ ಕೇಳುತ್ತ ಅವರು ಸೊಂಟದ ಮೇಲಿನ ಕೈ ಇಳಿಸಿದರು. ನೆಲದ ಮೇಲೆ ಮಾಸಿದ್ದ ರಂಗೋಲಿ ಗೆರೆಗಳನ್ನು ತುಳಿಯದಂತೆ ಹಿಂದಕ್ಕೆ ಸರಿದರು.

“ಇರ್ಲಿ ಬುಡವ್ವ. ನಾವೇನ್ ನಾಳೀಕೇ ಮನೆ ಕಟ್ಟೀವಾ? ಕಾಯಾಗಗಂಟ ಇರ್ಲಿ, ಅದಾದ್ಮೇಲೂ ಇರ್ಲಿ. ನಿಮ್ಮವ್ವುಂಗೆ ಮಾತ್ರ ಏಳ್ಬ್ಯಾಡ. ಬಂದು ಕೂತ್ಕಳ್ಲಿ ಪಾಪ. ಒಂದ್ ಬಟ್ಟೆ ಚೂರು ಕಟ್ಟಿ ಆ ನಂಬರ್ ಮುಚ್ಬುಡು.”

ಅವರ ಮಾತಿನಂತೆ ನಡೆಯಬಹುದಿತ್ತು. ಆ ಸಂಜೆ ಅವ್ವ ಗೋಡೆಗೆ ಒರಗಿ ಗಂಜಿ ಕುಡಿಯುತ್ತಿದ್ದಳು. “ನಂಬರ್ ಬರ್ದವ್ರಂತಲ್ಲ. ನಮ್ ಕಲ್ಗೂ ಬರ್ದವ್ರಾ?” ಎಂದು ಕೇಳಿದಳು. ಬರೆದಿದ್ದಾರೆ ಎಂದಷ್ಟೇ ಹೇಳಿದ್ದರೂ ಅದು ಸುಳ್ಳಾಗುತ್ತಿರಲಿಲ್ಲ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಇದ್ದದ್ದನ್ನು ಹೇಳಿದೆ.

ಅವ್ವ ಲೋಟ ಕೆಳಗಿಟ್ಟಳು. “ಬ್ಯಾರೇರ್ ಜಾಗದಲ್ಲಿ ಒಲೆ ಊಡ್ಕಂಡು ಕೂತಿದ್ನಲ್ಲ,” ಅಂದಳು. ಆಮೇಲೆ, “ನೋಡ್ದೋರು ನಕ್ಕಿರ್ತಾರೆ,” ಅಂದಳು.

“ಯಾರೂ ನಕ್ಕಿಲ್ಲವ್ವ. ನಮ್ಮದೂ ಅದೇ ಅಳತೆ, ಅದೇ ಸಾಲು. ನಾಳೆ ಹೋಗಿ ನೋಡೋಣ.”

“ಆಮ್ಯಾಕೆ ನೋಡಾನ.”

ಅಪ್ಪ ನನ್ನನ್ನು ಹಿತ್ತಲಿಗೆ ಕರೆದ. ಬೈಯುವವನಂತೆ ಬಾಯಿ ತೆರೆದವನು ಬೈಯಲಿಲ್ಲ. “ಎಣಿಸ್ದೋನು ನಾನು. ತಪ್ ನಂದು. ಆದ್ರೂ ಇದೊಂದ್ನ ಏಳ್ದೆ ಇದ್ದಿದ್ರೆ ಆಯ್ತಿರ್ಲಿಲ್ವಾ ಮಗ?” ಅಂದ. ಒಪ್ಪಂದ ಉಳಿಸಿಕೊಂಡೆ ಎನ್ನುವುದು ಅದಕ್ಕೆ ಉತ್ತರವಲ್ಲ.

ಅವ್ವ ಮತ್ತೆ ಆ ಕಡೆ ಹೋಗಲಿಲ್ಲ. ಅವರೆ ಬಲಿತಾಗ ಮಾತ್ರ, ಕಾಯನ್ನು ನೆಲದವರಿಗೆ ಮುಟ್ಟಿಸಬೇಕೆಂದು ಹಟ ಹಿಡಿದಳು. ಒಂದು ಭಾನುವಾರ ಚೀಲ ತುಂಬ ಕಾಯಿ ಕಿತ್ತು, ಎಚ್.ಡಿ. ಕೋಟೆಯಲ್ಲಿ ಬಸ್ಸು ಬದಲಿಸಿ, ಸರಗೂರಿಗೆ ಒಯ್ದೆ. ಸುಂದ್ರಮ್ಮ ಹೊಲಿಗೆ ಯಂತ್ರದಿಂದ ಎದ್ದು ಬಂದು ಚೀಲವನ್ನು ನೆಲದ ಮೇಲೆ ಸುರಿದರು. ಎರಡು ಗುಡ್ಡೆ ಮಾಡಿ, ಒಂದನ್ನು ಮತ್ತೆ ಚೀಲಕ್ಕೆ ತುಂಬಿದರು.

“ನೆಲ್ದೋರ್ಗೆ ಅರ್ಧ, ಗೇದೋರ್ಗೆ ಅರ್ಧ. ವಾರಕ್ಕೆ ಮಾಡಿದ್ರಿ ಅನ್ಕತೀನಿ. ನಿಮ್ಮವ್ವುಂಗೆ ಅಂಗೇ ಏಳು.”

ಹಾಗೇ ಹೇಳಿದೆ. ಅವ್ವನ ಮುಖ ಆ ತಿಂಗಳಲ್ಲಿ ಮೊದಲ ಸಲ ಸಡಿಲಾಯಿತು. ಅವರೆಯನ್ನು ತಾನೇ ಸುಲಿದಳು, ಒಂದು ಗಂಟೆಗೂ ಮೇಲೆ, ಒಂದೊಂದಾಗಿ. ಹಿಸುಕಿದ ಬೇಳೆಯ ಸಾರನ್ನು ನಾವಿಬ್ಬರೂ ಉಣ್ಣುವುದನ್ನು ನೋಡುತ್ತ ಕುಳಿತಳು. ಇದೇ ಸಮಯವೆಂದು, “ನಮ್ಮ ಸೈಟು ನೋಡೋಕೆ ಹೋಗೋಣ್ವಾ?” ಎಂದೆ. “ಶಿವರಾತ್ರಿ ಕಳೀಲಿ,” ಅಂದಳು.

ಶಿವರಾತ್ರಿಗೆ ಇನ್ನೂ ಹತ್ತು ದಿನವಿರುವಾಗ, ಮೈಸೂರಿನ ಆಸ್ಪತ್ರೆಯಲ್ಲಿ, ಬೆಳಗಿನ ಎಂಟು ಗಂಟೆಯ ಹೊತ್ತಿಗೆ ಹೋಗಿಬಿಟ್ಟಳು. ನಾನು ಕ್ಯಾಂಟೀನಿನಿಂದ ಬಿಸಿನೀರು ತರಲು ಇಳಿದಿದ್ದೆ.

ಮನೆಯ ಮಾಲೀಕರಿಗೆ ಫೋನ್ ಮಾಡಿದೆ. ಅವರ ಮಗಳು ಬಾಣಂತನಕ್ಕೆಂದು ಬಂದಿದ್ದಳು. ಅವರು ಬಾಯಿಬಿಟ್ಟು ಕೇಳುವ ಮೊದಲೇ, ಮನೆಗೆ ತರುವುದಿಲ್ಲ ಎಂದು ನಾನೇ ಹೇಳಿದೆ. ಆಸ್ಪತ್ರೆಗೆ ಬಂದಿದ್ದ ದೊಡ್ಡಪ್ಪ, “ಸೀದಾ ಮಿರ್ಲೆಗೇ ಓಗಾನ. ಮನೆ ಇಲ್ವಾ ಅಲ್ಲಿ? ಒಲದಲ್ಲೇ ಮಣ್ಣು ಮಾಡೋದು, ಸುತ್ತಾಕ್ಕಂಡು ಯಾಕೆ?” ಅಂದರು. ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು.

ಅಪ್ಪ ಆಂಬುಲೆನ್ಸಿನ ಹಿಂಭಾಗದಲ್ಲಿ ಅವ್ವನ ಜೊತೆ ಕುಳಿತ. ನಾನು ಡ್ರೈವರಿನ ಪಕ್ಕ ಕುಳಿತೆ. ಹುಣಸೂರು ದಾಟಿ ಬಡಾವಣೆಯ ಕಮಾನು ಕಂಡಾಗ, “ಇಲ್ಲಿ ಎಡಕ್ಕೆ,” ಅಂದೆ. ಹಿಂದಿನಿಂದ ದೊಡ್ಡಪ್ಪನ ಕಾರು ಹಾರ್ನ್ ಹೊಡೆಯಿತು. ಅವರಿಗೆ ಏನೂ ಹೇಳಿರಲಿಲ್ಲ.

ಎರಡನೇ ಸಾಲಿನ ಬಾಯಿಗೆ ಬಂದಾಗ ಅಪ್ಪ ಒಳಗಿನ ಕಿಟಕಿ ತಟ್ಟಿದ. “ಮುಂದುಕ್ಕೋಗ್ಲಿ. ಕೆರೆ ತಾವಿಂದ ಆರನೇದು.”

“ಅಲ್ಲ ಅಪ್ಪ. ಈ ಕಡೆಯಿಂದ.”

“ಅವ್ಳು ಕೂತಿದ್ದಿದ್ದು ಅಲ್ಲಿ ಕಣವ್ವ. ಸುಂದ್ರಮ್ಮ ಬ್ಯಾಡ ಅನ್ನಕಿಲ್ಲ.”

“ಬೇಡ ಅನ್ನೋದಿಲ್ಲ. ಆದ್ರೂ ಅದು ಅವರದು.”

ಕಿಟಕಿಯ ಆಚೆ ಅಪ್ಪನ ಅರ್ಧ ಮುಖ ಕಾಣುತ್ತಿತ್ತು. ಅವನು ಹಿಂದಕ್ಕೆ ಒರಗಿದ. “ನಿಲ್ಸಪ್ಪ,” ಅಂದ ಡ್ರೈವರಿಗೆ.

ಇಪ್ಪತ್ನಾಲ್ಕರಲ್ಲಿ ಕಲ್ಲು ಹೆಚ್ಚು. ರಸ್ತೆ ಮಾಡುವಾಗ ಸುರಿದ ಜಲ್ಲಿಯ ಉಳಿಕೆ, ಒಣಗಿದ ಪಾರ್ಥೇನಿಯಂ. ನೆರಳಿಲ್ಲ. ದೊಡ್ಡಪ್ಪ ಕಾರಿನಿಂದಿಳಿದು ಏನೋ ಕೇಳಲು ಬಂದವರು, ಅಪ್ಪ ಬಗ್ಗಿ ಕೈಯಿಂದಲೇ ಜಲ್ಲಿ ಸರಿಸುವುದನ್ನು ಕಂಡು, ಪಂಚೆ ಎತ್ತಿ ಕಟ್ಟಿ ತಾವೂ ಬಗ್ಗಿದರು. ಅಷ್ಟಗಲ ನೆಲ ಹಸನಾದ ಮೇಲೆ ಚಾಪೆ ಹಾಸಿ ಅವ್ವನನ್ನು ಇಳಿಸಿದೆವು. ತೆಂಕಲಿಗೆ ತಲೆ. ಬಿಸಿಲು ಕಣ್ಣಿಗೆ ಬೀಳದಂತೆ ನಾನು ನಿಂತುಕೊಂಡೆ. ದಾರಿಯಲ್ಲೇ ನಾನು ಫೋನ್ ಮಾಡಿದ್ದ ವಠಾರದವರು ಹೂವು, ಮೇಲೆ ಎರಚಲು ಪುರಿ ತಂದರು. ಮಾಲೀಕರೂ ಬಂದು, ದೂರದಲ್ಲಿ ಚಪ್ಪಲಿ ಬಿಟ್ಟು, ತಲೆ ತಗ್ಗಿಸಿ ನಿಂತರು. ಸುಮಾರು ಮುಕ್ಕಾಲು ಗಂಟೆ ಅವ್ವ ಅಲ್ಲಿದ್ದಳು. ಆ ಜಾಗವನ್ನು ಅವಳು ಒಮ್ಮೆಯೂ ನೋಡಿರಲಿಲ್ಲ. ಆಮೇಲೆ ಮಿರ್ಲೆಯ ಹೊಲಕ್ಕೆ ಒಯ್ದೆವು. ಸಂಜೆಯೊಳಗೆ ಎಲ್ಲ ಮುಗಿಯಿತು.

ಅವಳು ಕೇಳಿದ್ದು ಅದನ್ನೇ, ಅಕ್ಷರಶಃ. ಬೇರೇನನ್ನೂ ಕೇಳದೆ ಇದ್ದವಳಿಗೆ ಕೊಡಲು ನನ್ನ ಕೈಯಲ್ಲಿ ನಾಲ್ಕು ತಿಂಗಳಿನ ಒಂದು ರಂಗೋಲಿ ಮನೆ ಇತ್ತು. ಅದನ್ನು ನಾನೇ ಒಂದು ಮಾತಿನಲ್ಲಿ ಕಿತ್ತುಕೊಂಡೆ. ಇವೆರಡನ್ನೂ ತಕ್ಕಡಿಗೆ ಹಾಕಲು ಎಷ್ಟೋ ಸಲ ನೋಡಿದ್ದೇನೆ. ಮುಳ್ಳು ನಿಲ್ಲುವುದೇ ಇಲ್ಲ.

ಪಕ್ಕದ ಇಪ್ಪತ್ತೈದರಲ್ಲಿ ಯಾರೋ ಇಟ್ಟಿಗೆ ಇಳಿಸಿ, ಮೂಲೆಗೆ ಮಾವಿನ ಸೊಪ್ಪು ಕಟ್ಟಿದ್ದನ್ನು ಅಂದು ಗಮನಿಸಿದ್ದೆ. ಗುದ್ದಲಿ ಪೂಜೆಯ ತಯಾರಿ. ಮರುದಿನ ಬೆಳಿಗ್ಗೆ ಅಪ್ಪ ಏಳುವ ಮೊದಲೇ ಮಿರ್ಲೆಯಿಂದ ಮೊದಲ ಬಸ್ಸು ಹಿಡಿದು ಬಡಾವಣೆಗೆ ಬಂದೆ. ಗಾಳಿಗೆ ಪುರಿಯೂ ಚೆಂಡುಹೂವಿನ ಎಸಳುಗಳೂ ಗೆರೆ ದಾಟಿ ಅವರ ಸೈಟಿಗೆ ಹೋಗಿದ್ದವು. ಪೂಜೆಗೆ ಬರುವವರ ಕಣ್ಣಿಗೆ ಬೀಳಬಾರದೆಂದು ಬಗ್ಗಿ ಒಂದೊಂದನ್ನೂ ಆಯ್ದು ಚೀಲಕ್ಕೆ ಹಾಕಿಕೊಂಡೆ, ಇಟ್ಟಿಗೆಯ ಸಂದಿನವನ್ನೂ ಬಿಡದೆ. ಬಾಟಲಿಯ ನೀರನ್ನು ಅಲ್ಲಿ ಚಿಮುಕಿಸಿದೆ. ನಮ್ಮದರಲ್ಲಿ ಬಿದ್ದಿದ್ದನ್ನು ಮುಟ್ಟಲಿಲ್ಲ.